ಪದ ಬೇಕಾಗಿದೆ: ಅಲೆನ್ ಕೀಯನ್ನು ಫಲಕದಲ್ಲಿ ಏನೆಂದು ಬರೆಯಬೇಕು?

ಮಾನ್ಯರೇ,

ಸಕಲೇಶಪುರದ ಹತ್ತಿರದ ಕಾಫಿ ತೋಟವೊಂದರ ಯಂತ್ರದ ಮನೆಗೆ ಸೂಚನಾಫಲಕದ ಒಕ್ಕಣೆ ಬರೆದುಕೊಡಲು ಒಪ್ಪಿಕೊಂಡಿದ್ದೇನೆ. ಸೋಮವಾರ ಫಲಕ ಬರೆಯುವವರು ಬರುತ್ತಾರೆ. ಅಷ್ಟರೊಳಗೆ ಒಂದು ಪದ ನಿಶ್ಚಯವಾಗಬೇಕು.

ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಪುಲ್ಲಿಯನ್ನು ಶಾಫ್ಟಿಗೆ ಹಿಡಿದಿಡಲು ತಲೆಯಿಲ್ಲದ ಸಣ್ಣ ಗ್ರಬ್ ಸ್ಕ್ರೂ ಇರುತ್ತದೆ. ಅದರ ಆರು ಮೂಲೆಯ ರಂಧ್ರಕ್ಕೆ ಹಾಕಿ ತಿರುಗಿಸುವ, ‘ಎಲ್’ ಆಕಾರದಲ್ಲಿ ಬಾಗಿದ ಕಡ್ಡಿಯೇ ಅಲೆನ್ ಕೀ. ಕಳೆದ ಕೊಯ್ಲಿನಲ್ಲಿ ಅದು ತುಕ್ಕು ಹಿಡಿದು ಬಿಗಿದುಕೊಂಡಿದ್ದಾಗ, ಕೆಲಸದ ಹುಡುಗನೊಬ್ಬ ಪೆಟ್ಟಿಗೆಯಲ್ಲಿ ಕೈಗೆ ಸಿಕ್ಕಿದ ಕೀಯನ್ನೇ ಹಾಕಿ ಬಲವಾಗಿ ತಿರುಗಿಸಿದ. ಸ್ಕ್ರೂವಿನ ರಂಧ್ರ 3 ಮಿ.ಮೀ. ಅಳತೆಯದು, ಅವನು ಹಾಕಿದ್ದು ಅಂಗುಲದ ಲೆಕ್ಕದ 7/64, ಅಂದರೆ ಸುಮಾರು 2.78 ಮಿ.ಮೀ. ಕಣ್ಣಿಗೆ ಎರಡೂ ಒಂದೇ. ರಂಧ್ರದ ಆರು ಮೂಲೆಗಳೂ ಸವೆದುಹೋದವು, ಕೊನೆಗೆ ಸ್ಕ್ರೂವನ್ನು ಡ್ರಿಲ್ ಮಾಡಿ ತೆಗೆಯಬೇಕಾಯಿತು. ಕೊಯ್ದ ಹಣ್ಣನ್ನು ಅಂದೇ ಪಲ್ಪ್ ಮಾಡಬೇಕೆಂಬುದು ತೋಟದವರಿಗೆಲ್ಲ ತಿಳಿದದ್ದೇ. ಆ ದಿನದ ಹಣ್ಣು ರಾತ್ರಿಯೆಲ್ಲ ಹಾಗೆಯೇ ಕುಳಿತಿತ್ತು.

ಕೈಪಿಡಿಯಲ್ಲಿ ಅಲೆನ್ ಕೀಗೆ ‘ಹೆಕ್ಸ್ ಕೀ’ ಎಂದಿದೆ. ನಾನು ‘ಷಟ್ಕೋನ ಕೀಲಿ’ ಎಂದು ಬರೆದು ತೋರಿಸಿದೆ. ಮೇಸ್ತ್ರಿ ಎರಡು ಸಲ ಓದಿ, ಅದು ಯಾವ ಸಾಮಾನು ಎಂದು ಕೇಳಿದರು. ಸರಿಯಾದ ಪದವನ್ನು ತಿಳಿಸಬೇಕೆಂದು ಕೋರುತ್ತೇನೆ.

— ಸಕಲೇಶಪುರದಿಂದ

ಷಟ್ಕೋನವೂ ಬೇಡ, ಕೀಲಿಯೂ ಬೇಡ. ‘ಆರು’ ಸಮಾಸದ ಮೊದಲಲ್ಲಿ ‘ಅರು’ ಆಗುತ್ತದೆ, ‘ಅರುವತ್ತು’ ನೋಡಿ. ಮೂಲೆ, ತಿರುಪು, ಕೈ ಮೂರೂ ನಮ್ಮ ಪದಗಳು. ‘ಅರುಮೂಲೆ ತಿರುಪುಗೈ’ ಎಂದು ಬರೆಯಿರಿ. ಸ್ವಂತ ಬೇರಿನಿಂದ ಪದ ಕಟ್ಟಲು ಮನಸ್ಸಿಲ್ಲದವರು ಮಾತ್ರ ಎರವಲಿಗೆ ಕೈಚಾಚುತ್ತಾರೆ. ಇದರಲ್ಲಿ ಚರ್ಚಿಸುವುದಕ್ಕೆ ಏನೂ ಇಲ್ಲ.

— ಚಿಕ್ಕಮಗಳೂರಿನಿಂದ

ಚರ್ಚಿಸುವುದಕ್ಕೆ ಬಹಳ ಇದೆ. ‘ಅರುಮೂಲೆ’ ವ್ಯಾಕರಣದ ದೃಷ್ಟಿಯಿಂದ ನಿರ್ದುಷ್ಟವಾದ ಪದ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ‘ತಿರುಪು’ ಎಂದರೆ ನಮ್ಮ ಹಾಸನದ ಮನೆಗಳಲ್ಲಿ ಮೊದಲು ನೆನಪಾಗುವುದು ಕಿವಿಯೋಲೆಯ ತಿರುಪು. ‘ತಿರುಪುಗೈ’ ಎಂದು ಓದಿದವನು ಸ್ಕ್ರೂಡ್ರೈವರನ್ನೇ ಎತ್ತಿಕೊಂಡರೆ ಅವನ ತಪ್ಪಿಲ್ಲ.

‘ಷಟ್ಕೋನ ಕೀಲಿ’ಯ ತೊಡಕು ಇದಕ್ಕಿಂತ ದೊಡ್ಡದು. ಷಟ್ಕೋನವೆಂದರೆ ಪೂಜೆಯ ಮಂಡಲದಲ್ಲಿ ಎರಡು ತ್ರಿಕೋನಗಳನ್ನು ಒಂದರ ಮೇಲೊಂದು ಬರೆದಾಗ ಮೂಡುವ, ಆರು ಮೊನೆಗಳ ನಕ್ಷತ್ರವೆಂದೇ ಜನ ತಿಳಿದಿದ್ದಾರೆ. ಶಾಲೆಯ ಪುಸ್ತಕದಲ್ಲಿ ಆರು ಬದಿಯ ಆಕೃತಿಯ ಹೆಸರು ‘ಷಡ್ಭುಜ’. ಇದು ಕೇವಲ ಪಂಡಿತರ ಜಗಳವಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ಆರು ಮೊನೆಯ ನಕ್ಷತ್ರದ ತುದಿಯುಳ್ಳ ಟಾರ್ಕ್ಸ್ ಕೀ ಎಂಬ ಬೇರೆಯೇ ಸಾಧನ ಅದೇ ಪೆಟ್ಟಿಗೆಯಲ್ಲಿರುತ್ತದೆ, ಕಳೆ ಕತ್ತರಿಸುವ ಯಂತ್ರಗಳಲ್ಲಿ ಕೆಲವಕ್ಕೆ ಅದು ಬೇಕೇ ಬೇಕು. ಫಲಕದಲ್ಲಿ ಷಟ್ಕೋನವೆಂದು ಓದಿದವನು ಅದನ್ನೇ ತೆಗೆದುಕೊಂಡು, ಚಿಕ್ಕ ಅಳತೆಯದಾದರೆ ರಂಧ್ರದೊಳಗೆ ಇಳಿಸಿಯೂ ಬಿಡುತ್ತಾನೆ. ಅದು ಮೂಲೆಗಳನ್ನು ಸರಿಯಾಗಿ ಹಿಡಿಯುವುದಿಲ್ಲ, ಸ್ಕ್ರೂ ಹಾಳಾಗುತ್ತದೆ. ಅದನ್ನು ‘ಸ್ಟಾರ್’ ಎಂದು ಬೇರ್ಪಡಿಸೋಣವೆಂದರೆ, ನಮ್ಮ ಅಂಗಡಿಗಳಲ್ಲಿ ಸ್ಟಾರ್ ಎಂದರೆ ನಾಲ್ಕು ಗೆರೆಯ ಫಿಲಿಪ್ಸ್ ಸ್ಕ್ರೂಡ್ರೈವರು.

ಇನ್ನು ‘ಕೀಲಿ’. ಧಾರವಾಡದ ಕಡೆ ‘ಕೀಲಿ ಹಾಕು’ ಎಂದರೆ ಬೀಗ ಹಾಕುವುದು. ಅಲ್ಲಿಂದ ಬಂದ ಮೆಕ್ಯಾನಿಕ್ ಇದನ್ನು ಆರು ಮೂಲೆಯ ಬೀಗವೆಂದು ಓದಿಕೊಳ್ಳಬಹುದು. ಬರಿಯ ‘ಕೀ’ ಎಂದು ಬರೆಯುವಂತೆಯೂ ಇಲ್ಲ, ಏಕೆಂದರೆ ಪುಲ್ಲಿ ಮತ್ತು ಶಾಫ್ಟಿನ ನಡುವಿನ ಕೊರಕಲಿನಲ್ಲಿ ಕೂರುವ ಕಬ್ಬಿಣದ ತುಂಡಿಗೂ ಯಂತ್ರದ ಕೆಲಸದವರು ಕೀ ಎಂದೇ ಹೇಳುತ್ತಾರೆ, ಗ್ರಬ್ ಸ್ಕ್ರೂ ಅನೇಕ ಕಡೆ ಸರಿಯಾಗಿ ಅದರ ಮೇಲೆಯೇ ಕೂತಿರುತ್ತದೆ. ಈ ಕಾರಣಗಳಿಂದಲೇ ಎರಡು ಪದ ಸೇರಿದ ‘ಅಲೆನ್ ಕೀ’ ನಿಲ್ಲುತ್ತದೆ. ಅಂಗಡಿಯಲ್ಲಿ ‘ಎಲ್‌ಎನ್ ಕೀ’ ಎಂದು ಕೇಳುವವರೂ ಅದನ್ನೇ ಕೇಳುತ್ತಿರುತ್ತಾರೆ. 1910ರಲ್ಲಿ ಅಮೆರಿಕದ ಹಾರ್ಟ್‌ಫರ್ಡಿನ ವಿಲಿಯಂ ಅಲೆನ್ ಇಂಥ ಸ್ಕ್ರೂ ತಯಾರಿಸುವ ಕ್ರಮಕ್ಕೆ ಪೇಟೆಂಟ್ ಪಡೆದರು, ಅವರ ಕಂಪನಿಯ ಹೆಸರು ಸಾಧನಕ್ಕೆ ನಿಂತಿತು. ಜರ್ಮನ್ನರು ‘ಒಳಗಿನ ಆರು ಮೂಲೆ’ ಎಂಬರ್ಥದ ತಮ್ಮ ಪದದ ಮೊದಲಕ್ಷರಗಳಿಗೆ ತಮ್ಮ ದೇಶದ ತಯಾರಕರ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ‘ಇನ್‌ಬಸ್’ ಎಂದರು, ಅದನ್ನು ‘ಇಂಬಸ್’ ಎಂದು ಉಚ್ಚರಿಸುವವರು ಅಲ್ಲಿಯೂ ಇದ್ದಾರೆ. ಇಟಲಿಯವರೂ ‘ಬ್ರೂಗೊಲಾ’ ಎಂದು ತಯಾರಕನ ಹೆಸರನ್ನೇ ಹಿಡಿದರು. ತಯಾರಕರ ಹೆಸರನ್ನು ಪದವಾಗಿಸಿಕೊಂಡದ್ದರಿಂದ ಅವರ ಭಾಷೆಗಳು ಬಡವಾಗಲಿಲ್ಲ.

ಕನ್ನಡದ ಶ್ರಮ ಬೇಕಾಗಿರುವುದು ಹೆಸರಿನಲ್ಲಲ್ಲ, ಸೂಚನೆಯಲ್ಲಿ. ಸ್ಕ್ರೂವಿನ ಅಳತೆ, ಕೀಯ ಅಳತೆ ಒಂದೇ ಎಂಬ ಭ್ರಮೆ ಬಹಳ ಮಂದಿಗೆ ಇದೆ. 6 ಮಿ.ಮೀ. ಗ್ರಬ್ ಸ್ಕ್ರೂಗೆ 3 ಮಿ.ಮೀ. ಕೀ ಬೇಕು, ಅದೇ 6 ಮಿ.ಮೀ.ನ ಸಿಲಿಂಡರ್ ಆಕಾರದ ತಲೆಯ ಅಲೆನ್ ಬೋಲ್ಟಿಗೆ 5 ಮಿ.ಮೀ. ಕೀ. ಆದ್ದರಿಂದ ಫಲಕದಲ್ಲಿ ಕೀಯ ಅಳತೆಯನ್ನೇ ಬರೆಯಿರಿ. ಗುಂಡು ತುದಿಯ ಕೀ ಓರೆಯಾಗಿ ಹಾಕಲು ಅನುಕೂಲವೇ ಹೊರತು ಬಿಗಿದುಕೊಂಡ ಸ್ಕ್ರೂಗೆ ತಕ್ಕದ್ದಲ್ಲ. ಚಪ್ಪಟೆ ತುದಿಯ ಕೀಯ ಗಿಡ್ಡ ತೋಳನ್ನು ರಂಧ್ರಕ್ಕೆ ಇಳಿಸಿ, ಉದ್ದ ತೋಳನ್ನು ಹಿಡಿದು ತಿರುಗಿಸಬೇಕು.

— ಹಾಸನದಿಂದ

ಕೆಲಸಗಾರರು ಆಡಿದ್ದೆಲ್ಲ ಕನ್ನಡವೆಂದಾದರೆ ನಿಘಂಟಿನ ಅಗತ್ಯವೇನು? ಇಂದು ಅಲೆನ್, ನಾಳೆ ಇಡೀ ವಾಕ್ಯ.

— ಚಿಕ್ಕಮಗಳೂರಿನಿಂದ

ಇಡೀ ವಾಕ್ಯ ಕನ್ನಡದ್ದೇ ಆಗಿದೆ, ನನ್ನ ಪತ್ರವನ್ನು ಮತ್ತೊಮ್ಮೆ ಓದಿ. ‘ಚಾವಿ’ ಪೋರ್ಚುಗೀಸರಿಂದ ಬಂತು, ‘ಕಾಫಿ’ಯ ಮೂಲ ಅರಬ್ಬಿ. ಬಾಬಾಬುಡನ್‌ಗಿರಿಯ ಜಿಲ್ಲೆಯಲ್ಲಿ ಕುಳಿತು ಕಾಫಿಗೆ ಅಚ್ಚಕನ್ನಡ ಪದವನ್ನು ಯಾರೂ ಹುಡುಕಲಿಲ್ಲ.

— ಹಾಸನದಿಂದ

ಇಬ್ಬರಿಗೂ ವಂದನೆಗಳು. ಮೇಸ್ತ್ರಿಯವರಿಗೆ ಎರಡು ಒಕ್ಕಣೆಗಳನ್ನೂ ಓದಿ ಹೇಳಿದೆ. ‘ಅರುಮೂಲೆ’ ಅವರಿಗೆ ಅರ್ಥವಾಯಿತು, ‘ತಿರುಪುಗೈ’ ಆಗಲಿಲ್ಲ. ಆದ್ದರಿಂದ ‘ಅರುಮೂಲೆ’ಯನ್ನು ಹೆಸರಿನಿಂದ ಕೈಬಿಟ್ಟು, ರಂಧ್ರದ ವರ್ಣನೆಯಲ್ಲಿ ‘ಆರು ಮೂಲೆ’ ಎಂದು ಬಿಡಿಸಿ ಉಳಿಸಿಕೊಂಡಿದ್ದೇನೆ. ಫಲಕಕ್ಕೆ ಹೋಗುವ ಒಕ್ಕಣೆ ಇದು:

‘ಪುಲ್ಲಿಯ ಗ್ರಬ್ ಸ್ಕ್ರೂಗೆ 3 ಮಿ.ಮೀ. ಅಲೆನ್ ಕೀಯನ್ನು ಮಾತ್ರ ಬಳಸಿ. ಆರು ಮೂಲೆಯ ರಂಧ್ರದ ಕೊಳೆಯನ್ನು ಮೊದಲು ಕೆದಕಿ ತೆಗೆಯಿರಿ. ಕೀಯನ್ನು ತಳ ಮುಟ್ಟುವವರೆಗೆ ಇಳಿಸಿ. ಕೀ ಅಲುಗಾಡಿದರೆ ತಿರುಗಿಸಬೇಡಿ.’

— ಸಕಲೇಶಪುರದಿಂದ