ಎಂಟ್ರೊಪಿಗೆ ‘ಅವ್ಯವಸ್ಥೆ’ ಎಂಬ ಪದ ಸಲ್ಲುವುದೇ?

ಮಾನ್ಯರೆ,

ಬಾಗಲಕೋಟೆಯಲ್ಲಿ ಕನ್ನಡ ಮಾಧ್ಯಮದಿಂದ ಬಂದ ಬಿ.ಎಸ್ಸಿ. ವಿದ್ಯಾರ್ಥಿಗಳಿಗಾಗಿ ಭೌತವಿಜ್ಞಾನದ ಟಿಪ್ಪಣಿಗಳನ್ನು ಸಿದ್ಧಪಡಿಸುತ್ತಿದ್ದೇನೆ. ಉಷ್ಣಬಲವಿಜ್ಞಾನದ ‘ಎಂಟ್ರೊಪಿ’ ಎಂಬ ಪರಿಮಾಣವನ್ನು ವಿವರಿಸುವಾಗ ನಾವೆಲ್ಲ ರೂಢಿಯಂತೆ ಬಳಸುವ ‘ಅವ್ಯವಸ್ಥೆ’ ಎಂಬ ಪದದ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ. ಆ ಪದ ವಿದ್ಯಾರ್ಥಿಗಳ ದಾರಿ ತಪ್ಪಿಸುತ್ತದೆ ಎಂಬುದು ನನ್ನ ಅನಿಸಿಕೆ.

1865ರಲ್ಲಿ ಜರ್ಮನ್ ಭೌತವಿಜ್ಞಾನಿ ಕ್ಲಾಸಿಯಸ್ ಈ ಹೆಸರನ್ನು ಕಟ್ಟಿದ್ದು ‘ಮಾರ್ಪಾಡು’ ಎಂಬರ್ಥದ ಗ್ರೀಕ್ ಮೂಲದಿಂದ. ಅದರಲ್ಲಿ ಅವ್ಯವಸ್ಥೆಯ ಸುಳಿವೇ ಇಲ್ಲ. ಬೋಲ್ಟ್ಸ್‌ಮನ್ ಅದನ್ನು ಎಣಿಕೆಗೆ ತಂದರು: ಹೊರಗಿನಿಂದ ಅಳೆದಾಗ ಒಂದೇ ಆಗಿ ತೋರುವ ಸ್ಥಿತಿಯೊಳಗೆ ಅಣುಗಳು ಎಷ್ಟು ಬಗೆಯಲ್ಲಿ ಇರಬಹುದೋ ಆ ಸಂಖ್ಯೆಯ ಲಾಗರಿದಮ್‌ಗೆ ತಕ್ಕಂತೆ ಎಂಟ್ರೊಪಿ ಇರುತ್ತದೆ. 1948ರಲ್ಲಿ ಸಂದೇಶ ರವಾನೆಯ ಗಣಿತವನ್ನು ಕಟ್ಟಿದ ಶಾನನ್ ಅದೇ ರೂಪದ ಸೂತ್ರದಿಂದ, ಸಂದೇಶ ಕೈಸೇರುವ ಮೊದಲು ನಮಗಿರುವ ಅನಿಶ್ಚಿತತೆಯನ್ನು ಅಳೆದರು. ಎರಡೂ ಕಡೆ ಹೊಂದುವ ಅರ್ಥವೆಂದರೆ ‘ನಮಗೆ ತಿಳಿಯದೆ ಉಳಿದ ಮಾಹಿತಿ’. (ಮಾಹಿತಿ ಹಕ್ಕಿನಡಿ ನಾವು ಕೇಳುವ ಮಾಹಿತಿಗೆ ಅರ್ಥವಿರಲೇಬೇಕು, ಶಾನನ್ನರ ಮಾಹಿತಿಗೆ ಅರ್ಥದ ಗೊಡವೆಯಿಲ್ಲ. ಇದನ್ನೂ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಾಗುತ್ತದೆ.)

ವಿಶ್ವದ ವಿಚಾರಕ್ಕೆ ಬಂದರೆ ‘ಅವ್ಯವಸ್ಥೆ’ ಪೂರ್ತಿ ಸೋಲುತ್ತದೆ. ದ್ರವ್ಯರಾಶಿ, ವಿದ್ಯುದಾವೇಶ ಮತ್ತು ಭ್ರಮಣ ಎಂಬ ಮೂರೇ ಗುಣಗಳಿಂದ ಹೊರಗಿನವರಿಗೆ ಗುರುತು ಸಿಗುವ ಕಪ್ಪುಕುಳಿಯಷ್ಟು ಸರಳವಾದ ವಸ್ತು ಮತ್ತೊಂದಿಲ್ಲ. ಆದರೂ ಬೆಕೆನ್‌ಸ್ಟೈನ್ ಮತ್ತು ಹಾಕಿಂಗ್ 1970ರ ದಶಕದಲ್ಲಿ ತೋರಿಸಿದಂತೆ, ಅದರ ಎಂಟ್ರೊಪಿ ಘಟನಾ ದಿಗಂತದ (ದಾಟಿ ಒಳಹೋದದ್ದು ಮರಳಿ ಬರಲಾಗದ ಗಡಿಯ) ವಿಸ್ತೀರ್ಣಕ್ಕೆ ಅನುಗುಣವಾಗಿರುತ್ತದೆ. ಸೂರ್ಯನಷ್ಟು ದ್ರವ್ಯರಾಶಿಯ ಕಪ್ಪುಕುಳಿಯಲ್ಲಿ ಅದು ಬೋಲ್ಟ್ಸ್‌ಮನ್ ಸ್ಥಿರಾಂಕದ ಸುಮಾರು 10ರ 77ನೆಯ ಘಾತದಷ್ಟು. ಅಲ್ಲಿ ಅವ್ಯವಸ್ಥೆ ಎಲ್ಲಿದೆ ಎಂದು ವಿದ್ಯಾರ್ಥಿ ಕೇಳಿದರೆ ತೋರಿಸಲು ಏನೂ ಇಲ್ಲ. ಒಳಗೆ ಮರೆಯಾದ ಮಾಹಿತಿ ಎಂದರೆ ಮಾತು ತಾನಾಗಿ ಹೊಂದುತ್ತದೆ.

ಇನ್ನೊಂದು ಪದವನ್ನೂ ನಿಮ್ಮ ಮುಂದಿಡುತ್ತೇನೆ. ವೇಗದ ಅಣುಗಳನ್ನು ಒಂದು ಕಡೆಗೆ, ನಿಧಾನದವನ್ನು ಇನ್ನೊಂದು ಕಡೆಗೆ ಬಿಡುವ ಕಾಲ್ಪನಿಕ ಜೀವಿಯನ್ನು ಮ್ಯಾಕ್ಸ್‌ವೆಲ್ 1867ರಲ್ಲಿ ಊಹಿಸಿದರು. ಅದರ ಕೆಲಸಕ್ಕೆ ನಮ್ಮ ಕಡೆಯ ‘ಹಸನು ಮಾಡುವುದು’ ಎಂಬ ಮಾತು ಚೆನ್ನಾಗಿ ಒಪ್ಪುತ್ತದೆ. ಮೊರದಲ್ಲಿ ಜೋಳ ಹರವಿಕೊಂಡು ಕೂತವರು ಕಲ್ಲು ಯಾವುದು, ಕಾಳು ಯಾವುದು ಎಂದು ಮೊದಲು ಕಣ್ಣಿನಿಂದ ಗುರುತಿಸುತ್ತಾರೆ, ಆಮೇಲೆ ಬೆರಳಾಡಿಸುತ್ತಾರೆ. ತಿಳಿಯದೆ ಹಸನು ಮಾಡಲಾಗದು. ಹೀಗೆ ತಿಳಿದದ್ದನ್ನು ನೆನಪಿನಿಂದ ಅಳಿಸುವುದಕ್ಕೂ ಬೆಲೆಯಿದೆ. ಒಂದು ಬಿಟ್ (‘ಹೌದು’ ಅಥವಾ ‘ಇಲ್ಲ’ ಎಂಬಷ್ಟು ಮಾಹಿತಿ) ಅಳಿಸಿದರೆ ಕೊಠಡಿಯ ಉಷ್ಣತೆಯಲ್ಲಿ ಕನಿಷ್ಠ ಸುಮಾರು 3×10⁻²¹ ಜೂಲ್‌ನಷ್ಟು ಶಾಖ ಹೊರಬೀಳಲೇಬೇಕು ಎಂಬುದು 1961ರಲ್ಲಿ ಲ್ಯಾಂಡಾವರ್ ಕಂಡುಕೊಂಡ ಮಿತಿ. ಆ ಜೀವಿ ಹೊರಗಿನ ಸಂಪರ್ಕವಿಲ್ಲದ ವ್ಯವಸ್ಥೆಯ ಒಟ್ಟು ಎಂಟ್ರೊಪಿ ಕಡಿಮೆಯಾಗದು ಎನ್ನುವ ಉಷ್ಣಬಲವಿಜ್ಞಾನದ ಎರಡನೆಯ ನಿಯಮವನ್ನು ಮೀರಲಾಗದೆ ಸೋಲುವುದು ಇಲ್ಲಿಯೇ.

ಆದ್ದರಿಂದ ಕೇಳುತ್ತೇನೆ: ‘ಎಂಟ್ರೊಪಿ’ಯನ್ನು ಹಾಗೆಯೇ ಉಳಿಸಿಕೊಂಡು, ವಿವರಣೆಯಲ್ಲಿ ‘ಅವ್ಯವಸ್ಥೆ’ಯ ಬದಲು ‘ಮರೆಯಾದ ಮಾಹಿತಿ’ ಎಂದು ಬರೆಯುವುದಕ್ಕೆ ತಮ್ಮ ಆಕ್ಷೇಪವಿದೆಯೇ? ಈ ಅರ್ಥಕ್ಕೆ ಒಂದೇ ಪದವನ್ನು ಯಾರಾದರೂ ಪಾಠದಲ್ಲಿ ಬಳಸಿ ನೋಡಿದ್ದೀರಾ? ‘ಹಸನು ಮಾಡುವುದು’ ಮೈಸೂರು, ಮಂಗಳೂರು ಕಡೆಯ ಓದುಗರಿಗೂ ಇದೇ ಅರ್ಥ ಕೊಡುತ್ತದೆಯೇ ಎಂಬುದನ್ನು ಆ ಭಾಗದವರು ತಿಳಿಸಿದರೆ ಉಪಕಾರವಾಗುತ್ತದೆ.