ಪಿ.ಬಿ. ರಸ್ತೆ ಹತ್ತಿರ ಕಾಂಪ್ಲೆಕ್ಸ್ ಕಟ್ಟುತ್ತಿದ್ದೇವೆ, ಸ್ಪ್ರಿಂಕ್ಲರ್ ನಿಜವಾಗಲೂ ಬೇಕಾ?

ಸೈಟ್_ಓನರ್_ದಾವಣಗೆರೆ

ದಾವಣಗೆರೆಯಲ್ಲಿ ಪಿ.ಬಿ. ರಸ್ತೆಗೆ ಹತ್ತಿರ ನಮ್ಮದೊಂದು ಸೈಟ್ ಇದೆ. ಬೇಸ್‌ಮೆಂಟ್‌ನಲ್ಲಿ ಪಾರ್ಕಿಂಗ್, ಮೇಲೆ ನಾಲ್ಕು ಅಂತಸ್ತು. ಕೆಳಗಿನ ಎರಡು ಬಟ್ಟೆ ಅಂಗಡಿಗೆ, ಮೂರನೆಯದು ಕೋಚಿಂಗ್ ಸೆಂಟರ್‌ಗೆ ಅಂತ ಮಾತಾಗಿದೆ. ಆರ್ಕಿಟೆಕ್ಟ್ ಕೊಟ್ಟ ಡ್ರಾಯಿಂಗ್ ನೋಡಿ ನಮ್ಮ ಅಪ್ಪಾಜಿ ತಲೆ ಮೇಲೆ ಕೈ ಹೊತ್ತಿದ್ದಾರೆ. ಎಲ್ಲಾ ಅಂತಸ್ತಿಗೂ ಸ್ಪ್ರಿಂಕ್ಲರ್ (ಬೆಂಕಿ ಬಿದ್ದರೆ ಸೂರಿನಿಂದ ತಾನಾಗೇ ನೀರು ಸುರಿಸೋದು), ಮೆಟ್ಟಿಲ ಪಕ್ಕ ಹೈಡ್ರಂಟ್ (ಹೋಸ್ ಸಿಕ್ಕಿಸೋ ದಪ್ಪ ನಲ್ಲಿ) ಮತ್ತು ಹೋಸ್ ರೀಲ್ (ಸುತ್ತಿಟ್ಟ ನೀರಿನ ಪೈಪು), ಹೊಗೆ ಡಿಟೆಕ್ಟರ್, ಮೂರು ಪಂಪು, ಬೆಂಕಿಗೇ ಅಂತ ಬೇರೆ ಸಂಪು! ಕಂಟ್ರಾಕ್ಟರ್ ಹೇಳೋದು, ಬೆಂಕಿ ಆರಿಸೋ ನಾಲ್ಕು ಕೆಂಪು ಸಿಲಿಂಡರ್ ನೇತುಹಾಕಿ, ಪೈಪ್ ಸುಮ್ನೆ ತೋರಿಸೋಕೆ ಎಳೆದರೆ ಸಾಕು ಅಂತ.

ನನ್ನ ಅನುಮಾನ ಎರಡು. ಯಾರೋ ಬೀಡಿ ಸೇದಿದ್ದಕ್ಕೆ ಎಲ್ಲಾ ಸ್ಪ್ರಿಂಕ್ಲರ್ ಒಟ್ಟಿಗೆ ಸುರಿದರೆ ಸೀರೆ ಸ್ಟಾಕ್ ಗತಿ ಏನು? ಇನ್ನೊಂದು, ನಮ್ಮ ಏರಿಯಾದಲ್ಲಿ ನಲ್ಲಿ ನೀರು ದಿನಾ ಬರಲ್ಲ, ಅಷ್ಟು ನೀರನ್ನು ಸುಮ್ನೆ ನಿಲ್ಲಿಸಿಡೋದು ಹೇಗೆ? ಅನುಭವ ಇದ್ದವರು ಹೇಳಿ.

ಪೈಪ್‌ಲೈನ್_ಗುರು

ನಾನು ಈ ಕೆಲಸವೇ ಮಾಡೋದು, ದಾವಣಗೆರೆ, ಹರಿಹರ, ರಾಣೆಬೆನ್ನೂರು ಕಡೆ. ಎಲ್ಲಾ ಒಟ್ಟಿಗೆ ಸುರಿಯೋದು ಸಿನಿಮಾದಲ್ಲಿ ಮಾತ್ರ ಸರ್. ಪ್ರತಿ ಹೆಡ್‌ನಲ್ಲೂ, ಅಂದರೆ ಸೂರಿನ ಪೈಪಿನಿಂದ ನೀರು ಚಿಮ್ಮೋ ತುದಿಯಲ್ಲೂ, ಒಂದು ಚಿಕ್ಕ ಗಾಜಿನ ಬಲ್ಬ್ ಇರುತ್ತದೆ, ಒಳಗೆ ಬಣ್ಣದ ದ್ರವ. ಕೆಂಪಿದ್ದರೆ ಅದು 68 ಡಿಗ್ರಿ ಸೆಲ್ಸಿಯಸ್‌ಗೆ ಒಡೆಯುತ್ತದೆ, ಹಳದಿ 79ಕ್ಕೆ, ಹಸಿರು 93ಕ್ಕೆ. ಯಾವ ಬಲ್ಬಿಗೆ ಅಷ್ಟು ಬಿಸಿ ತಾಗಿತೋ ಅದೊಂದೇ ತೆರೆಯುತ್ತದೆ. ಬೀಡಿ ಹೊಗೆ ಅದಕ್ಕೆ ಲೆಕ್ಕಕ್ಕೇ ಇಲ್ಲ, ಅದು ಬಿಸಿಗೆ ಒಡೆಯೋದು. ಸಾಮಾನ್ಯ ಹೆಡ್ ಒಂದು ಬಾರ್ ಒತ್ತಡದಲ್ಲಿ ನಿಮಿಷಕ್ಕೆ ಸುಮಾರು 80 ಲೀಟರ್ ಬಿಡುತ್ತದೆ. ಅದೇ ಬೆಂಕಿ ದೊಡ್ಡದಾಗಿ ಅಗ್ನಿಶಾಮಕದವರು ಹೋಸ್ ಹಿಡಿದರೆ ನಿಮಿಷಕ್ಕೆ ನೂರಾರು ಲೀಟರ್ ಅಂಗಡಿಯೊಳಗೆ ಬರುತ್ತದೆ. ಈಗ ಹೇಳಿ, ಸೀರೆ ಎಲ್ಲಿ ಜಾಸ್ತಿ ನೆನೆಯುತ್ತವೆ?

ಒಂದು ಎಚ್ಚರಿಕೆ. ಟೆರೇಸ್ ಮೇಲೆ ಶೀಟ್ ಹಾಕಿ ಗೋಡೌನ್ ಮಾಡೋ ಯೋಚನೆ ಇದ್ದರೆ ಅಲ್ಲಿಗೆ ಕೆಂಪು ಬಲ್ಬ್ ಬೇಡ. ಏಪ್ರಿಲ್ ಬಿಸಿಲಲ್ಲಿ ಶೀಟ್ ಕೆಳಗೆ ಎಷ್ಟು ಕಾಯುತ್ತದೆ ಅಂತ ನಮಗೆಲ್ಲಾ ಗೊತ್ತು. ಆ ಜಾಗ ಎಷ್ಟು ಬಿಸಿಯಾಗಬಹುದೋ ಅದಕ್ಕಿಂತ 30 ಡಿಗ್ರಿ ಮೇಲಿನ ಬಲ್ಬ್ ಆರಿಸಬೇಕು, ಹಸಿರೇ ಹಾಕಿ.

ನೀರಿನ ವಿಷಯಕ್ಕೆ ಬಹಳ ಸುಲಭದ ದಾರಿ ಇದೆ. ನಲ್ಲಿ ಅಥವಾ ಬೋರ್‌ ನೀರು ಮೊದಲು ಬೆಂಕಿ ಸಂಪಿಗೆ ಬೀಳಬೇಕು, ಅದು ತುಂಬಿ ಹರಿದದ್ದು ಪಕ್ಕದ ಬಳಕೆ ಸಂಪಿಗೆ ಹೋಗಬೇಕು. ಆಗ ಬೆಂಕಿ ಸಂಪು ಯಾವಾಗಲೂ ತುಂಬೇ ಇರುತ್ತದೆ, ನೀರು ಹೊಸದಾಗುತ್ತಲೂ ಇರುತ್ತದೆ. ಕೆಲವರು ಉಲ್ಟಾ ಮಾಡುತ್ತಾರೆ, ಬಳಕೆ ಪಂಪನ್ನೇ ಬೆಂಕಿ ಸಂಪಿಗೆ ಇಳಿಸುತ್ತಾರೆ. ಬೇಸಿಗೆಯಲ್ಲಿ ನೋಡಿದರೆ ಸಂಪಿನ ತಳ ಕಾಣುತ್ತಿರುತ್ತದೆ.

ಕೋಟೆ_ಊರಿನವ

ಚಿತ್ರದುರ್ಗದಲ್ಲಿ ನಮ್ಮದೂ ಬಟ್ಟೆ ಅಂಗಡಿ, ಬಾಡಿಗೆ ಕಟ್ಟಡದಲ್ಲಿ. ಮೇಲಿನವರು ಹೇಳಿದ್ದೆಲ್ಲಾ ಸರಿ, ಆದರೆ ಅಂಗಡಿ ಶುರುವಾದ ಮೇಲೆ ಆಗೋ ಕಥೆ ಬೇರೆ. ನಮ್ಮಲ್ಲಿ ಅಮಾವಾಸ್ಯೆ ಪೂಜೆಗೆ ಲೋಬಾನ ಹಾಕುತ್ತೇವೆ ಅಲ್ವಾ, ಹೊಗೆ ಡಿಟೆಕ್ಟರ್ ಕೂಗಿಕೊಳ್ಳುತ್ತದೆ. ಎರಡು ಸಲ ಕೂಗಿದ ಮೇಲೆ ಕಟ್ಟಡದ ಸೆಕ್ಯೂರಿಟಿಯವರು ಹೂಟರ್ (ಎಚ್ಚರಿಕೆ ಸೈರನ್) ವೈರನ್ನೇ ಕಿತ್ತಿಟ್ಟರು. ನಾನು ಜಗಳ ಮಾಡಿ ಮತ್ತೆ ಹಾಕಿಸಿದೆ, ಈಗ ದೇವರ ಫೋಟೊ ಹತ್ತಿರ ಹೊಗೆ ಡಿಟೆಕ್ಟರ್ ಬದಲು ಬಿಸಿಗೆ ಕೂಗೋದು ಹಾಕಿಸಿದ್ದೇವೆ, ತೊಂದರೆ ಇಲ್ಲ. ನೀವು ಡ್ರಾಯಿಂಗ್‌ನಲ್ಲೇ ಕೇಳಿಕೊಳ್ಳಿ, ಕ್ಯಾಷ್ ಕೌಂಟರ್, ದೇವರ ಜಾಗ ಎಲ್ಲಿ ಬರುತ್ತದೆ ಅಂತ.

ಇನ್ನೊಂದು ಫಾಲ್ಸ್ ಸೀಲಿಂಗ್. ಬಾಡಿಗೆಯವರು ಬಂದ ತಕ್ಷಣ ಮಾಡೋ ಮೊದಲ ಕೆಲಸ ಅದೇ. ಸ್ಪ್ರಿಂಕ್ಲರ್ ಮೇಲೆ, ಸೀಲಿಂಗ್ ಕೆಳಗೆ, ಬೆಂಕಿ ಇನ್ನೂ ಕೆಳಗೆ, ಆ ಬಲ್ಬಿಗೆ ಬಿಸಿ ತಾಗೋದು ಯಾವಾಗ? ಹೆಡ್ಡನ್ನು ಸೀಲಿಂಗ್ ಕೆಳಗೆ ಇಳಿಸೋದು ಬಾಡಿಗೆಯವರ ಖರ್ಚು ಅಂತ ಅಗ್ರಿಮೆಂಟ್‌ನಲ್ಲೇ ಬರೆಯಿರಿ. ಪೇಂಟರ್‌ಗೂ ಹೇಳಿ, ಹೆಡ್ ಮೇಲೆ ಬ್ರಷ್ ಆಡಿಸಬಾರದು. ದೀಪಾವಳಿ ಸ್ಟಾಕ್ ಬಂದಾಗ ಗಂಟುಗಳನ್ನು ಸೂರಿನವರೆಗೂ ಪೇರಿಸುತ್ತಾರೆ, ಹೆಡ್ ಕೆಳಗೆ ಕನಿಷ್ಠ ಒಂದೂವರೆ ಅಡಿ ಬಿಡದಿದ್ದರೆ ನೀರು ಹರಡೋದಿಲ್ಲ.

ಸುಮ್ನೆ_ಕೇಳ್ದೆ

ಇಷ್ಟೆಲ್ಲಾ ಯಾಕ್ರೀ? ಫೈರ್ ಸ್ಟೇಷನ್ ಊರಲ್ಲೇ ಇದೆ, ಫೋನ್ ಮಾಡಿದರೆ ಗಾಡಿ ಬರುತ್ತದೆ. ಮಂಡಿಪೇಟೆಯ ಹಳೇ ಅಂಗಡಿಗಳಲ್ಲಿ ಯಾವ ಸ್ಪ್ರಿಂಕ್ಲರ್ ಇದೆ? ಇದೆಲ್ಲಾ ಪೈಪ್ ಮಾರೋರ ವ್ಯಾಪಾರ.

ಹಳೇ_ಮಿಲ್ಲಿನವ

ತಮ್ಮಾ, ಗಾಡಿ ಬರುತ್ತದೆ, ಇಲ್ಲ ಅನ್ನಲ್ಲ. ಅದು ಬಂದು, ಜಾಗ ಮಾಡಿಕೊಂಡು, ಹೋಸ್ ಬಿಚ್ಚೋವರೆಗೆ ಒಳಗೆ ಏನಾಗುತ್ತದೆ ಅನ್ನೋದು ಪ್ರಶ್ನೆ. ನಾನು ಸ್ಪಿನ್ನಿಂಗ್ ಮಿಲ್‌ನಲ್ಲಿ ದುಡಿದವನು. ಹತ್ತಿ ಬಿಡಿಸಿ ಶುದ್ಧ ಮಾಡೋ ಬ್ಲೋ ರೂಮಿನಲ್ಲಿ ಹತ್ತಿಯೊಳಗೆ ಒಂದು ಕಬ್ಬಿಣದ ಚೂರು ಸಿಕ್ಕಿ ಕಿಡಿ ಹಾರಿದರೆ ಸಾಕು, ಗಾಳಿ ಪೈಪಿನಲ್ಲಿ ಕಣ್ಣು ಮುಚ್ಚಿ ತೆಗೆಯೋದರೊಳಗೆ ಮುಂದಿನ ಮಷಿನ್‌ಗೆ ಹೋಗಿರುತ್ತದೆ. ಬೇಲ್, ಅಂದರೆ ಒತ್ತಿ ಕಟ್ಟಿದ ಹತ್ತಿ ಗಂಟು, ಹೊತ್ತಿದರೆ ಮೇಲೆ ಆರಿದಂತೆ ಕಾಣುತ್ತದೆ, ಒಳಗೆ ಉರಿಯುತ್ತಲೇ ಇರುತ್ತದೆ. ಪೌಡರ್ ಸಿಲಿಂಡರ್ ಹೊಡೆದು ಆರಿತು ಅಂತ ಊಟಕ್ಕೆ ಹೋದರೆ ವಾಪಸ್ ಬರೋವಾಗ ಮತ್ತೆ ಹೊಗೆ. ಬಿಚ್ಚಿ ನೀರಲ್ಲಿ ನೆನೆಸಬೇಕು, ಬೇರೆ ದಾರಿ ಇಲ್ಲ. ನಿಮ್ಮ ಬಟ್ಟೆ ಗಂಟೂ ಅದೇ ಜಾತಿ. ಅದಕ್ಕೇ ಬರೀ ಸಿಲಿಂಡರ್ ಸಾಕು ಅನ್ನೋ ಕಂಟ್ರಾಕ್ಟರ್ ಮಾತು ನನಗೆ ಹಿಡಿಸಲಿಲ್ಲ. ಸಿಲಿಂಡರ್ ಬೇಡ ಅಂತಲ್ಲ, ಬುಟ್ಟಿಯಷ್ಟು ಬೆಂಕಿಗೆ ಅದು, ಕರೆಂಟ್ ಪ್ಯಾನಲ್ ಹತ್ತಿರ ಕಾರ್ಬನ್ ಡೈಆಕ್ಸೈಡ್‌ದು ಇರಲೇಬೇಕು.

ಅಂದಹಾಗೆ ಸ್ಪ್ರಿಂಕ್ಲರ್ ಬೆಳೆದದ್ದೇ ಹತ್ತಿ ಮಿಲ್‌ಗಳಿಂದ. ಅಮೆರಿಕದ ನ್ಯೂ ಇಂಗ್ಲೆಂಡ್ ಮಿಲ್‌ಗಳಲ್ಲಿ ಮೊದಲು ಸೂರಿಗೆ ತೂತು ಪೈಪ್ ಹಾಕಿ, ಬೆಂಕಿ ಬಿದ್ದಾಗ ಕೈಯಿಂದ ವಾಲ್ವ್ ತಿರುಗಿಸುತ್ತಿದ್ದರು. ಆಗ ನಿಜವಾಗಿಯೂ ಎಲ್ಲಾ ಕಡೆ ಸುರಿಯುತ್ತಿತ್ತು. 1874ರಲ್ಲಿ ಹೆನ್ರಿ ಪಾರ್ಮಲೀ ಅನ್ನೋರು ಬಿಸಿಗೆ ತಾನಾಗೇ ತೆರೆಯೋ ಹೆಡ್ ಮಾಡಿದರು, ಆಮೇಲೆ ಫ್ರೆಡರಿಕ್ ಗ್ರಿನ್ನೆಲ್ ಅದನ್ನು ಸುಧಾರಿಸಿದರು. ಹತ್ತಿ ಮಿಲ್‌ಗಳಿಂದಾಗಿ ನಮ್ಮ ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು ಪಡೆದವರು ಇಷ್ಟಾದರೂ ತಿಳಿದಿರಬೇಕು.

ನನಗೆ ಬಟ್ಟೆಗಿಂತ ಆ ಕೋಚಿಂಗ್ ಸೆಂಟರ್ ಚಿಂತೆ. 2019ರ ಮೇ 24ರಂದು ಸೂರತ್‌ನಲ್ಲಿ ಇಂಥದ್ದೇ ಅಂಗಡಿ ಕಟ್ಟಡದ ಮೇಲಿದ್ದ ಕೋಚಿಂಗ್ ಸೆಂಟರ್‌ಗೆ ಬೆಂಕಿ ಬಿದ್ದು 22 ಮಕ್ಕಳು ಹೋದರು. ಮೆಟ್ಟಿಲಲ್ಲಿ ಇಳಿಯೋಕಾಗದೆ ಹಲವರು ಮೇಲಿಂದ ಹಾರಿದರು. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು 9 ಜನ ಸತ್ತರು, ಅಲ್ಲಿ ಕೊಂದದ್ದು ಮುಖ್ಯವಾಗಿ ಹೊಗೆ. ಕೆಳಗೆ ಬಟ್ಟೆ ಸುಟ್ಟರೆ ಹೊಗೆ ಹೋಗೋದು ಮೇಲಕ್ಕೇ. ಕೆಳಗಿನ ಡಿಟೆಕ್ಟರ್ ಕೂಗಿದಾಗ ಮೂರನೇ ಅಂತಸ್ತಿನಲ್ಲೂ ಹೂಟರ್ ಕೇಳಬೇಕು, ತಪ್ಪಿಸಿಕೊಳ್ಳೋಕೆ ಇನ್ನೊಂದು ಮೆಟ್ಟಿಲು ದಾರಿ ಬೀಗ ಇಲ್ಲದೆ ಇರಬೇಕು.

ಸೈಟ್_ಓನರ್_ದಾವಣಗೆರೆ

ಎಲ್ಲರಿಗೂ ಥ್ಯಾಂಕ್ಸ್. ಸೂರತ್ ವಿಷಯ ಅಪ್ಪಾಜಿಗೆ ಓದಿ ಹೇಳಿದೆ. ಸ್ಪ್ರಿಂಕ್ಲರ್‌ಗೆ ಒಪ್ಪಿದರು, ಆದರೆ ಮೂರು ಪಂಪ್ ಯಾಕೆ, ಒಂದು ಸಾಲದಾ ಅಂತ ಕೇಳುತ್ತಿದ್ದಾರೆ. ಗುರುಗಳೇ, ಅದೊಂದು ಬಿಡಿಸಿ ಹೇಳಿ.

ಪೈಪ್‌ಲೈನ್_ಗುರು

ಪೈಪಿನಲ್ಲಿ ಯಾವಾಗಲೂ ಒತ್ತಡ ಇರಬೇಕು ಸರ್. ಸಣ್ಣಪುಟ್ಟ ಸೋರಿಕೆಗೆ ಒತ್ತಡ ಇಳಿದರೆ ಜಾಕಿ ಪಂಪ್ ತುಂಬಿಸುತ್ತದೆ, ಅದು ಚಿಕ್ಕದು. ಹೆಡ್ ಒಡೆದು ಒತ್ತಡ ದಡಕ್ಕನೆ ಇಳಿದರೆ ದೊಡ್ಡ ಕರೆಂಟ್ ಪಂಪ್ ತಾನಾಗೇ ಶುರುವಾಗುತ್ತದೆ. ಬೆಂಕಿ ಬಿದ್ದಾಗ ಮೊದಲು ಹೋಗೋದೇ ಕರೆಂಟ್, ಆಗ ಡೀಸೆಲ್ ಪಂಪ್. ಡೀಸೆಲ್ ಪಂಪಿನ ಬ್ಯಾಟರಿ ಸತ್ತಿರೋದನ್ನ, ಪ್ಯಾನಲ್ ಸ್ವಿಚ್ ಆಟೋ ಬಿಟ್ಟು ಮ್ಯಾನ್ಯುಅಲ್‌ನಲ್ಲಿ ನಿಂತಿರೋದನ್ನ ನಾನು ಬೇಕಾದಷ್ಟು ಕಡೆ ನೋಡಿದ್ದೇನೆ. ಪಂಪ್ ಶಬ್ದ ಮಾಡುತ್ತದೆ ಅಂತ ಆಫ್ ಮಾಡಿರುತ್ತಾರೆ! ಹಾಗಾಗಿ ಕೆಲಸ ಮುಗಿಸಿ ಕೊಡೋವಾಗ ಬರೀ ಪೇಪರ್ ತಗೋಬೇಡಿ. ಮೇಲಿನ ಅಂತಸ್ತಿನ ಟೆಸ್ಟ್ ವಾಲ್ವ್ ತೆರೆಸಿ, ಪಂಪ್ ತಾನಾಗೇ ಎದ್ದಿತಾ ನೋಡಿ, ಆಮೇಲೆ ಕರೆಂಟ್ ಮೇನ್ ತೆಗೆಸಿ ಡೀಸೆಲ್ ಎದ್ದಿತಾ ನೋಡಿ. ಅದಾದ ಮೇಲೆ ಕೊನೇ ಬಿಲ್ ಕೊಡಿ.

ಇನ್ನೂ ಸ್ಲ್ಯಾಬ್ ಹಾಕಿಲ್ಲ ತಾನೇ? ಹಾಗಿದ್ದರೆ ಪೈಪ್ ದಾಟೋ ಜಾಗಕ್ಕೆಲ್ಲಾ ಈಗಲೇ ಸ್ಲೀವ್ (ಪೈಪ್ ತೂರೋಕೆ ಕಾಂಕ್ರೀಟ್‌ನಲ್ಲಿ ಇಡೋ ಕೊಳವೆ) ಇಡಿಸಿ, ಆಮೇಲೆ ಬೀಮ್ ಕೊರೆಯೋಕೆ ಯಾರೂ ಬಿಡಲ್ಲ.