ಪದಚರ್ಚೆ: ‘ಲವಣ’ ಅಂದರೆ ಉಪ್ಪೋ, ಖನಿಜವೋ?

ಗೆಳೆಯರೇ,

ಪೋಷಕಾಂಶಗಳ ಬಗ್ಗೆ ಒಂದು ಬರಹ ತಿದ್ದುತ್ತಿದ್ದೇನೆ. ಒಂದು ಕಡೆ ‘ದೇಹಕ್ಕೆ ಲವಣಗಳು ಬೇಕೇ ಬೇಕು’ ಅಂತಿದೆ. ಸ್ವಲ್ಪ ಮುಂದೆ ‘ರಕ್ತದೊತ್ತಡ ಇರುವವರು ಲವಣ ಕಡಿಮೆ ಮಾಡಬೇಕು’ ಅಂತಿದೆ. ಎರಡೂ ನಿಜವೇ. ಆದರೆ ಮೊದಲನೆಯದು ಕಬ್ಬಿಣ, ಸತು, ಅಯೋಡಿನ್ ಬಗ್ಗೆ, ಎರಡನೆಯದು ದಿನಕ್ಕೆ 5 ಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಅಡುಗೆ ಉಪ್ಪಿನ ಬಗ್ಗೆ. ಓದುವವರು ತಬ್ಬಿಬ್ಬಾಗದೆ ಇರ್ತಾರಾ?

‘ಖನಿಜ ಲವಣ’ ಅನ್ನುವ ಪಠ್ಯಪುಸ್ತಕದ ಜೋಡಿಪದದಿಂದ ‘ಖನಿಜ’ ಉದುರಿಹೋಗಿ ಹೀಗಾಗಿದೆ ಅಂತ ನನ್ನ ಗುಮಾನಿ. ಜೋಡಿಪದವೂ ನನಗೆ ಹಿಡಿಸುವುದಿಲ್ಲ. ಲವಣ ಅಂದರೆ ಆಮ್ಲವೂ ಪ್ರತ್ಯಾಮ್ಲವೂ ಸೇರಿ ಆಗುವಂಥದ್ದು. ಮೈಯಲ್ಲಿರುವ ಕಬ್ಬಿಣದ ಬಹುಪಾಲು ಹಿಮೋಗ್ಲೋಬಿನ್ ಒಳಗೆ ಕೂತು ಆಮ್ಲಜನಕ ಹಿಡಿದುಕೊಳ್ಳುತ್ತದೆ, ಅಯೋಡಿನ್ ಥೈರಾಯ್ಡ್ ಹಾರ್ಮೋನಿನದೇ ಒಂದು ಭಾಗ. ಇವು ಯಾವ ಲೆಕ್ಕದಲ್ಲಿ ಲವಣ? ಕ್ಯಾಲ್ಸಿಯಂ ಆದರೆ ಒಪ್ಪೋಣ, ಸುಮಾರು ಶೇ. 99ರಷ್ಟು ಮೂಳೆ, ಹಲ್ಲುಗಳಲ್ಲಿ ಫಾಸ್ಫೇಟ್ ಜೊತೆ ಗಟ್ಟಿಯಾಗಿ ಸೇರಿಕೊಂಡಿರುತ್ತದೆ. ಬರೀ ‘ಖನಿಜ’ ಅಂದರೆ ಅದಿರು ತಿನ್ನಿ ಅಂದ ಹಾಗಾಗುತ್ತದೆ. ಅದಕ್ಕೇ ನಾನು ‘ಖನಿಜಾಂಶ’ ಅಂತ ಹಾಕುತ್ತಿದ್ದೇನೆ.

ವಿಟಮಿನ್ ವಿಷಯದಲ್ಲಿ ತಕರಾರಿಲ್ಲ. ‘ಅನ್ನಾಂಗ’, ‘ಜೀವಸತ್ವ’ ಎರಡೂ ಚೆನ್ನಾಗಿವೆ, ಆದರೆ ಜನ ವಿಟಮಿನ್ ಅಂತಲೇ ಅಂತಾರೆ, ಹಾಗೇ ಇರಲಿ. (1912ರಲ್ಲಿ ವಿಜ್ಞಾನಿ ಕ್ಯಾಸಿಮಿರ್ ಫಂಕ್ ಆ ಹೆಸರು ಕೊಟ್ಟಾಗ ಇವೆಲ್ಲ ಸಾರಜನಕವಿರುವ ಸಂಯುಕ್ತಗಳಾದ ಅಮೀನ್‌ಗಳು ಅಂದುಕೊಂಡಿದ್ದರು. ಎಲ್ಲವೂ ಅಲ್ಲ ಅಂತ ಆಮೇಲೆ ಗೊತ್ತಾಯಿತು, ಹೆಸರು ಮಾತ್ರ ಅಲ್ಲಾಡಲಿಲ್ಲ!)

ಈಗ ನಿಜವಾದ ತೊಡಕು. ವಾಂತಿ ಭೇದಿ ಆದಾಗ ಮೈಯಿಂದ ನೀರಿನ ಜೊತೆ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಕೂಡ ಹೋಗುತ್ತವೆ, ನರ, ಸ್ನಾಯು, ಹೃದಯ ಎಲ್ಲ ನಡೆಯುವುದು ಇವುಗಳ ಏರಿಳಿತದ ಮೇಲೆಯೇ, ಹಾಗಾಗಿ ಬರೀ ನೀರು ಕುಡಿದರೆ ಸಾಲದು, ಉಪ್ಪು ಸಕ್ಕರೆ ಸರಿಯಾದ ಅಳತೆಯಲ್ಲಿ ಬೆರೆತಿರಬೇಕು, ಸಕ್ಕರೆ ಇದ್ದರೆ ಕರುಳು ಸೋಡಿಯಂ ಅನ್ನೂ ಅದರ ಹಿಂದೆ ನೀರನ್ನೂ ಬೇಗ ಹೀರಿಕೊಳ್ಳುತ್ತದೆ. ಇಲ್ಲಿ ‘ಖನಿಜಾಂಶ’ ಅಂದರೆ ಓದುವವರು ಮಾತ್ರೆ ಹುಡುಕಿಕೊಂಡು ಹೋಗ್ತಾರೆ. ‘ವಿದ್ಯುದ್ವಿಭಾಜ್ಯ’ (ನೀರಿನಲ್ಲಿ ಕರಗಿ ವಿದ್ಯುತ್ ಹರಿಯಲು ಬಿಡುವ ಇಂಥ ಅಂಶಗಳಿಗೆ, ಅಂದರೆ ಎಲೆಕ್ಟ್ರೊಲೈಟ್‌ಗೆ, ಇರುವ ಪದ) ಅಂದರೆ ಪುಟ ಮುಚ್ಚಿ ಎದ್ದು ಹೋಗ್ತಾರೆ. ‘ನಿರ್ಜಲೀಕರಣ’ ಅನ್ನುವುದರಲ್ಲಂತೂ ಉಪ್ಪಿನಂಶ ಹೋದ ಸುಳಿವೇ ಇಲ್ಲ.

ಹಾಗಾದರೆ ಇದೊಂದು ಜಾಗಕ್ಕೆ ಮಾತ್ರ ‘ಲವಣ’ ಉಳಿಸಿಕೊಂಡು, ಉಳಿದ ಕಡೆ ‘ಖನಿಜಾಂಶ’, ‘ಉಪ್ಪು’ ಅಂತ ಬೇರೆ ಬೇರೆ ಬರೆದರೆ ಹೇಗೆ? ಇಲ್ಲ, ಎಲೆಕ್ಟ್ರೊಲೈಟ್ ಅಂತಲೇ ಬಿಡೋದಾ? ಆರೋಗ್ಯದ ಬಗ್ಗೆ ಬರೆಯುವವರು ಏನು ಬಳಸುತ್ತೀರಿ, ತಿಳಿಸಿ.